ಕೆಂಪು ಕಾರು, ಕರಿ ಕಾರು

"ಗುರುಗಳೇ, ಜ್ಞಾನದ ದಾರಿ ಬೇಗ ಮುಟ್ಟಿಸುತ್ತದೆ ಎನ್ನುತ್ತಾರೆ. ಸೇವೆಯ ದಾರಿ ನಿಧಾನವಾದರೂ ಕೈಬಿಡುವುದಿಲ್ಲ ಎನ್ನುತ್ತಾರೆ. ಆರು ವರ್ಷದಿಂದ ಎರಡನ್ನೂ ತೂಗಿ ನೋಡುತ್ತಿದ್ದೇನೆ. ಯಾವುದು ಮೇಲು?" ಎಂದು ಶಿಷ್ಯ ಈರಭದ್ರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಬೆಟ್ಟದ ಬುಡದ ಪೇಟೆಯಲ್ಲಿ ಒಬ್ಬ ದಾದಿ ಇದ್ದಳು. ಬೆಟ್ಟದ ಮೇಲಿನ ಊರುಗಳಿಗೆ ಗಾಡಿದಾರಿ ಇತ್ತು, ವಾಹನವಿರಲಿಲ್ಲ. ಹೆರಿಗೆ ಕಷ್ಟವಾದರೆ ಹೆಂಗಸರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುತ್ತಿದ್ದರು. ಒಮ್ಮೆ ಒಬ್ಬಳು ದಾರಿಯಲ್ಲೇ ಪ್ರಾಣ ಬಿಟ್ಟಳು. ಇನ್ನು ಜೋಲಿಯನ್ನು ನಂಬಿ ಕೂರುವುದಿಲ್ಲ ಎಂದು ದಾದಿ ಅಂದೇ ನಿಶ್ಚಯಿಸಿದಳು.

ಆ ಪೇಟೆಯ ಒಬ್ಬ ವರ್ತಕನ ಬಳಿ ಅವನ ಅಜ್ಜನ ಕಾಲದ ಎರಡು ಕಾರುಗಳಿದ್ದವು. ಒಂದು ಕೆಂಪು. ನೆಲಕ್ಕೆ ಅಂಟಿದಷ್ಟು ತಗ್ಗು, ಇಬ್ಬರಿಗಷ್ಟೇ ಜಾಗ, ಓಡಿದರೆ ಗಾಳಿ. ಇನ್ನೊಂದು ಕರಿ. ಕಣಜದಷ್ಟು ವಿಶಾಲ, ಏಳು ಜನ ಕೂರಬಹುದು, ಏರಿನಲ್ಲಿ ಮಾತ್ರ ಎತ್ತಿನ ಗಾಡಿಯೂ ಅದನ್ನು ಹಿಂದೆ ಹಾಕುತ್ತಿತ್ತು. ದಾದಿ ಹೋಗಿ ಒಂದನ್ನು ಬೇಡಿದಳು.

ವರ್ತಕ ಒಳ್ಳೆಯವನು. "ಕೊಡುತ್ತೇನೆ ತಾಯಿ. ಆದರೆ ಇದು ಜೀವದ ಕೆಲಸ. ಯಾವುದು ಮೇಲೆಂದು ನೋಡಿಯೇ ಕೊಡುತ್ತೇನೆ" ಎಂದ.

ಇಬ್ಬರು ಮೆಕ್ಯಾನಿಕರನ್ನು ಕರೆಸಿದ. ನೋವು ಎದ್ದಾಗ ಗಳಿಗೆ ಗಳಿಗೆಯೂ ಮುಖ್ಯ, ಕೆಂಪೇ ಸರಿ ಎಂದ ಒಬ್ಬ. ಬಸುರಿಯನ್ನು ಅದರಲ್ಲಿ ಎಲ್ಲಿ ಮಲಗಿಸುತ್ತೀ, ಕರಿಯೇ ಸರಿ ಎಂದ ಇನ್ನೊಬ್ಬ. ಎರಡನ್ನೂ ಬೆಟ್ಟ ಹತ್ತಿಸಿದರು. ಕೆಂಪು ಅರ್ಧ ಗಂಟೆಯಲ್ಲಿ ನಡುದಾರಿಯ ಹಳ್ಳ ಮುಟ್ಟಿತು, ಹಳ್ಳದ ಕಲ್ಲಿಗೆ ಹೊಟ್ಟೆ ತಾಗಿ ಅಲ್ಲೇ ನಿಂತಿತು. ಕರಿ ತಡವಾಗಿ ಬಂದು ಹಳ್ಳವನ್ನೇನೋ ದಾಟಿತು, ಮೇಲಿನ ತಿರುವಿನಲ್ಲಿ ಕುದಿದು ಹಬೆ ಬಿಟ್ಟಿತು.

ವರ್ತಕ ಎಲ್ಲವನ್ನೂ ಬರೆದುಕೊಂಡ. ಮಳೆ ಮುಗಿಯಲಿ, ಇನ್ನೊಮ್ಮೆ ನೋಡೋಣ ಎಂದ. ಮಳೆ ಮುಗಿಯಿತು. ಬಿಡಿಭಾಗ ಬರಲಿ ಎಂದ. ದಾದಿ ಕಾದಳು. ಕಾಯುತ್ತಲೇ ಆ ಮೆಕ್ಯಾನಿಕರಿಂದ ಕಾರು ಓಡಿಸುವುದನ್ನು ಕಲಿತಳು.

ಒಂದು ಬೆಳಿಗ್ಗೆ ಮತ್ತೆ ಜೋಲಿ ಬಂತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ದಾದಿ ಕೈ ತೊಳೆದುಕೊಂಡು ನೆಟ್ಟಗೆ ವರ್ತಕನ ಮನೆಗೆ ನಡೆದಳು. ಅಳುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

"ಈ ಕ್ಷಣ ಹೊರಡುವ ಸ್ಥಿತಿಯಲ್ಲಿರುವುದು ಯಾವುದು?"

"ಕೆಂಪು ಕಾರು ತಾಯಿ, ಅದರ ರಿಪೇರಿ ಮುಗಿದಿದೆ. ಆದರೆ ಅದರಲ್ಲಿ ಮಲಗಿಸುವುದಕ್ಕೆ..."

"ಮಲಗಿಸುವುದು ನನ್ನ ಕೆಲಸ. ಕೀಲಿ ಕೊಡಿ."

ಅವಳು ಪಕ್ಕದ ಸೀಟನ್ನು ಬಿಚ್ಚಿಸಿ ಹಾಸಿಗೆ ಹಾಕಿಸಿದಳು. ಹಳ್ಳದವರೆಗೆ ನೀವು ಹೊತ್ತು ತನ್ನಿ, ಅಲ್ಲಿಂದ ನಾನು ತರುತ್ತೇನೆ ಎಂದು ಮೇಲಿನ ಊರುಗಳಿಗೆ ಹೇಳಿ ಕಳಿಸಿದಳು. ಹನ್ನೊಂದು ವರ್ಷ ಆ ಕಾರು ಓಡಿಸಿದಳು. ಅದು ಕೆಟ್ಟು ನಿಂತ ದಿನ ಹೆರಿಗೆ ಸಾಮಾನಿನ ಬುಟ್ಟಿ ಹಿಡಿದು ನಡೆದೇ ಹೋದಳು, ಹಳ್ಳದ ದಡದಲ್ಲೇ ಹೆರಿಗೆ ಮಾಡಿಸಿದಳು. ಎಲ್ಲರೂ ಉಳಿದರು ಎನ್ನಲಾರೆ. ಉಳಿದವರು ಬಹಳ. ವರ್ತಕನ ಎರಡನೆಯ ಪರೀಕ್ಷೆ ಮಾತ್ರ ಕಡೆಗೂ ನಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರ ಯೋಚಿಸಿ, "ಹಾಗಾದರೆ ಕೆಂಪು ಕಾರೇ ಮೇಲೆಂದು ಆಯಿತಲ್ಲವೇ?" ಎಂದ.

"ಅದಿರಲಿ ಈರಭದ್ರ, ದಾದಿಗಾಗಿ ಬೆಟ್ಟದ ಮೇಲಿನವರು ಕಾಯುತ್ತಿದ್ದರು. ನೀನು ತೂಗುತ್ತಾ ಕೂತ ಈ ಆರು ವರ್ಷದಿಂದ ನಿನ್ನ ದಾರಿ ಕಾಯುತ್ತಿರುವವರು ಯಾರು?"