‘ಅವರು’ ಅಂದರೆ ಯಾರು?

ವರದಾ ಹೊಳೆಯ ದಂಡೆಯಲ್ಲಿ ಮಡಿವಾಳಜ್ಜ ಅಂತ ಒಬ್ಬ ಗುರು ಇದ್ದರು. ಅವರ ಹತ್ತಿರ ಇಪ್ಪತ್ತೆರಡು ಚಿತ್ರದ ಎಲೆಗಳಿದ್ದವು. ಇಸ್ಪೀಟ್ ಎಲೆಗಿಂತ ತುಸು ದೊಡ್ಡವು. ಒಂದೊಂದರ ಮೇಲೂ ಪುರಾಣದ್ದೋ, ಜನರ ಬಾಯಲ್ಲಿರುವ ಕಥೆಯದ್ದೋ ಒಂದು ಚಿತ್ರ.

ಕಷ್ಟ ಹೇಳಿಕೊಂಡು ಬಂದವರು ಒಂದು ಎಲೆ ಎತ್ತಬೇಕು. ಅಜ್ಜ ಅದನ್ನು ನೋಡಿ ನಾಲ್ಕು ಮಾತು ಹೇಳಬೇಕು. ಅಷ್ಟೇ. ಪೇಟೆಯಿಂದ ಬಂದವರೊಬ್ಬರು, "ಇದು ಭವಿಷ್ಯ ಹೇಳೋ ಟ್ಯಾರೋ ಕಾರ್ಡ್ ಇದ್ದಂಗ ಐತಲ್ರಿ" ಅಂದಿದ್ದರು. "ಹೌದೇನು? ಹೆಸರು ಛಲೋ ಐತಿ" ಅಂದಿದ್ದರು ಅಜ್ಜ.

ಫಕೀರವ್ವ ಅವರ ಮನೆಯಲ್ಲೇ ಇದ್ದ ಶಿಷ್ಯೆ. ಮದುವೆ ಒಲ್ಲೆ ಅಂದು ಮನೆಯಿಂದ ಹೊರಬಿದ್ದು ನಾಲ್ಕು ವರ್ಷವಾಗಿತ್ತು. ಯಾಕೆ ಒಲ್ಲೆ ಅನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊಲಿಗೆ ಕ್ಲಾಸಿನಲ್ಲಿ ಜೊತೆಗಿದ್ದ ನೀಲಗಂಗಾ ಅವಳ ಜೀವವಾಗಿದ್ದಳು.

ಅಜ್ಜನಿಗೆ ಇದು ಗೊತ್ತಾದರೆ ಈ ಮನೆಯೂ ತಪ್ಪೀತು ಅಂತ ಅವಳಿಗೆ ಅಂಜಿಕೆ. ಹೋಗಲು ಇನ್ನೊಂದು ಮನೆ ಇರಲಿಲ್ಲ.

ಒಂದು ಮುಂಜಾನೆ ಅಜ್ಜ ಎಲೆಗಳನ್ನು ಹರವಿ ಪಾಠ ಕೇಳಿದರು. ಮೊದಲು ಬೃಹನ್ನಳೆಯ ಎಲೆ ಬಂತು.

"ಇದು ವೇಷದ ಎಲಿ ರೀ," ಫಕೀರವ್ವ ಒಂದೇ ಉಸಿರಿಗೆ ಒಪ್ಪಿಸಿದಳು. "ಅರ್ಜುನ ಒಂದು ವರ್ಷ ಹಂಗ ಇರಬೇಕಾಗಿತ್ತು. ವರ್ಷ ತುಂಬಿದ ಮ್ಯಾಲೆ ಸುಳ್ಳು ಕಳದು ಖರೇ ರೂಪ ಬರತೈತಿ."

"ಉತ್ತರೆಗೆ ನಾಟ್ಯ ಕಲಿಸಿದವರು ಯಾರು?"

"ಬೃಹನ್ನಳೆ."

"ಉತ್ತರೆ ಕಲಿತ ನಾಟ್ಯಾನೂ ಸುಳ್ಳೇನು?"

ಫಕೀರವ್ವ ಅವಸರದಿಂದ ಮುಂದಿನ ಎಲೆ ತೆಗೆದಳು. ಅದರಲ್ಲಿ ಇಬ್ಬರು ಹೆಂಗಸರು ಬೀಸುಕಲ್ಲಿನ ಎದುರುಬದುರು ಕೂತು ಒಂದೇ ಗೂಟ ಹಿಡಿದಿದ್ದರು.

"ಅಕ್ಕ-ತಂಗಿ," ಅಂದಳು.

"ಕಥಿಯೊಳಗ ಇಬ್ಬರ ತವರುಮನಿ ಬ್ಯಾರೆ ಬ್ಯಾರೆ ಅಲ್ಲೇನು?"

"ಹಂಗಾರ ಗೆಳತ್ಯಾರು."

"ತವರಿನವರು ಬಂದು ಎಳದ್ರೂ ಇಬ್ಬರೂ ಗೂಟದ ಮ್ಯಾಲಿನ ಕೈ ತಗೀಲಿಲ್ಲ. ಕಡೀಗೆ ಅದ ಗೂಟಕ್ಕ ಸುತ್ತಿ ಒಂದ ಬಳ್ಳಿ ಆದ್ರು. ಹೌದಿಲ್ಲೋ?"

"ಹೌದ್ರಿ. ಭಾಳ ಛಲೋ ಗೆಳತ್ಯಾರು."

ಅಜ್ಜ ಕೆಮ್ಮು ಬರುವಷ್ಟು ನಕ್ಕರು. ಫಕೀರವ್ವ ನಗಲಿಲ್ಲ. ಆ ಎಲೆಯನ್ನು ಬೇಗ ತೆಗೆದು ಎಲ್ಲದರ ಅಡಿಗೆ ಸೇರಿಸಿದಳು.

ಅಷ್ಟರಲ್ಲಿ ಒಬ್ಬ ಗಂಡಸು ಬಂದು ಕೂತ. ಮೂವತ್ತರ ಆಸುಪಾಸು. ಗ್ಯಾರೇಜಿನ ಎಣ್ಣೆ ಉಗುರಿನ ಸಂದಿಯಲ್ಲಿ ಹಾಗೇ ಇತ್ತು.

"ಇವತ್ತ ನೀನ ಹೇಳು," ಅಂದರು ಅಜ್ಜ ಫಕೀರವ್ವನಿಗೆ.

ಅವನು ಎತ್ತಿದ್ದು ಮೋಹಿನಿಯ ಎಲೆ.

"ಬಿಟ್ಟು ಹೋದವರು ತಿರುಗಿ ಬರ್ತಾರೇನ್ರಿ?" ಅಂತ ಕೇಳಿದ.

ಹೋದವರು ಅಂದನೇ ಹೊರತು ಹೋದಾಕಿ ಅನ್ನಲಿಲ್ಲ. ಅದನ್ನು ಫಕೀರವ್ವ ಗಮನಿಸಿದಳು. ಅವಳಿಗೆ ಅರ್ಥವೂ ಆಯಿತು. ಇಂಥದು ತನಗೆ ಅರ್ಥವಾಗುತ್ತದೆ ಅಂತ ಅಜ್ಜನಿಗೆ ತಿಳಿದರೆ ಏನು ಗತಿ ಅಂತ ಅಂಜಿದಳು.

"ಮೋಹಿನಿ ಅಂದ್ರ ಮೋಸ," ಅಂದಳು. "ಒಬ್ಬಾಕಿ ನಿಮಗ ಮೋಸ ಮಾಡ್ಯಾಳ. ಅಕಿ ಬರ್ತಾಳ, ಆದ್ರ ತಡ ಆಕ್ಕತಿ. ಅಕೀಗಿಂತ ಛಲೋ ಹುಡುಗಿ ಸಿಗ್ತಾಳ, ಮದಿವಿ ಆಗ್ರಿ."

ಅವನ ಮುಖ ಬಾಡಿತು. "ಸರಿ ಬಿಡ್ರಿ" ಅಂದು ಎದ್ದು ಹೋದ. ಕೊಟ್ಟ ಚಹಾ ಅರ್ಧ ಹಾಗೇ ಉಳಿಯಿತು.

ಅಜ್ಜ ಬೈಯಲಿಲ್ಲ. "ಅವರನ್ನ ಕರಕೊಂಡು ಬಾ" ಅಂದರು.

"ಏನಂತ ಕರೀಲಿ ರೀ?"

"ತಪ್ಪಾತು ಅಂತ."

ಅವಳು ಓಡಿದಳು. ಅವನು ಹೊಳೆಯ ಮೆಟ್ಟಿಲ ಮೇಲೆ ನೀರು ನೋಡುತ್ತ ಕೂತಿದ್ದ. "ಅಣ್ಣಾ, ನಾ ಹೇಳಿದ್ದು ತಪ್ಪಾತು. ಅಜ್ಜಾರು ಕರೀತಾರ, ಬರ್ರಿ," ಅಂದಳು. ಅವನು ಅವಳ ಮುಖ ನೋಡಿದ. ಏನು ಕಂಡನೋ, ಎದ್ದು ಬಂದ.

ಅಜ್ಜ ಅದೇ ಎಲೆಯನ್ನು ಅವನ ಮುಂದೆ ಇಟ್ಟರು.

"ಮೋಹಿನಿ ಯಾರು ಹೇಳ್ರಿ? ಹರಿ. ಹರಿ ಹೆಣ್ಣಾಗಿ ಬಂದಾಗ ಹರ ಬೆನ್ನು ಹತ್ತಿದ. ಕಡೀಗೆ ಇವನು ಹರಿ ಅಂತ ಗೊತ್ತಾತು. ಗೊತ್ತಾದ ಮ್ಯಾಲೆ ಕೈ ಬಿಟ್ಟನೇನು? ಬಿಡಲಿಲ್ಲ. ಹರಿಹರ ಅಂತ ಇಬ್ಬರೂ ಒಂದ ಮೈಯಾಗಿ ನಿಂತ್ರು, ನೋಡ್ರಿ. ಅವರಿಗೆ ನಾವು ಗುಡಿ ಕಟ್ಟಿ ಕೈ ಮುಗೀತೀವಿ."

ಅವನು ಎಲೆಯನ್ನು ಕೈಗೆತ್ತಿಕೊಂಡು ನೋಡಿದ.

"ನಿಮ್ಮವರು ಬರ್ತಾರೋ ಇಲ್ಲೋ ನನಗ ಗೊತ್ತಿಲ್ಲ. ಅವರು ಅಂಜಿ ಹೋಗಿರಬಹುದು. ಆದ್ರ ನೀವು ಜೀವ ಇಟ್ಟದ್ದು ಮೋಸ ಅಲ್ಲ. ಅಷ್ಟು ಮಾತ್ರ ಈ ಎಲಿ ಹೇಳತೈತಿ."

ಅವನು ಅತ್ತ. ಎಣ್ಣೆಗೈಯಿಂದಲೇ ಕಣ್ಣು ಒರೆಸಿಕೊಂಡ. ಆಮೇಲೆ ಆರಿದ ಚಹಾ ಪೂರಾ ಕುಡಿದು ಹೋದ.

ಫಕೀರವ್ವ ಚಹಾದ ಲೋಟ ತೊಳೆದಿಟ್ಟು ಬಂದಳು.

"ಅಜ್ಜಾರ, ನೀವು ಯಾವಾಗಲೂ ‘ಅವರು’ ಅಂತೀರಿ. ಯಾರ ಬಗ್ಗೆ ಕೇಳಿದ್ರೂ ಅವರು, ನಿಮ್ಮವರು. ನಾ ಅದು ಗೌರವಕ್ಕ ಅಂತ ತಿಳಿದಿದ್ದೆ."

"ಗೌರವಾನ ಅದು."

"ಗಂಡೋ ಹೆಣ್ಣೋ ಗೊತ್ತಾಗಬಾರದು ಅಂತ ಅಲ್ಲೇನ್ರಿ?"

"ಕೂತವರಿಗೆ ಗೊತ್ತಿರತೈತಿ. ಹೇಳಬೇಕು ಅನ್ನಿಸಿದ್ರ ಅವರ ಹೇಳ್ತಾರ. ಅವರ ಬಾಯಾಗಿನ ಮಾತು ನಾವು ಕಸಗೊಂಡು ಆಡಬಾರದು."

ಅವತ್ತಿನಿಂದ ಫಕೀರವ್ವನೂ ಯಾರ ಬಗ್ಗೆ ಕೇಳಿದರೂ ‘ಅವರು’ ಅಂತಲೇ ಅಂದಳು. ಬಂದವರ ಮುಖ ಅರಳುವುದನ್ನು ನೋಡಿದಳು. ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ಜಾಗ ಇದೆಯಲ್ಲ ಅಂತ ಅವಳಿಗೆ ಸಂತೋಷವಾಯಿತು. ತನಗೂ ಅದರಲ್ಲಿ ಜಾಗವಿದೆ ಅಂದುಕೊಂಡಳು.

ಮೂರು ತಿಂಗಳು ಕಳೆಯಿತು. ಒಂದು ದಿನ ಮಧ್ಯಾಹ್ನ ಅವಳು ಬಂದು ಗುರುವಿನ ಎದುರು, ಕಷ್ಟ ಹೇಳಿಕೊಳ್ಳುವವರು ಕೂರುವ ಜಾಗದಲ್ಲಿ ಕೂತಳು.

"ಅಜ್ಜಾರ, ನನಗೊಂದು ಎಲಿ ನೋಡ್ರಿ."

"ಏನು ಕೇಳ್ತಿ?"

"ನಮ್ಮವರೊಬ್ಬರು ಅದಾರ ರೀ. ಅವರ ಮನ್ಯಾಗ ಮದಿವಿ ಗೊತ್ತು ಮಾಡಿದ್ರು. ಒಲ್ಲೆ ಅಂತ ಅವರು ಮನಿ ಬಿಟ್ಟು ಬಂದಾರ. ಅವರು ನನ್ನ ಜೋಡಿ ಇಲ್ಲೇ ಇರಬಹುದೇನು, ಎಲಿ ಕೇಳ್ರಿ."

ಅಜ್ಜ ಎಲೆಗಳ ಮೇಲೆ ಅಂಗೈ ಇಟ್ಟರು. ಒಂದನ್ನೂ ಮುಂದೆ ಸರಿಸಲಿಲ್ಲ.

"ಯಾರ ಬಗ್ಗೆ ಕೇಳಾಕತ್ತಿ?"

"ಅವರ ಬಗ್ಗೆ."

"ಅವರು ಅಂದ್ರ ಯಾರು?"

ಫಕೀರವ್ವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆ ಅಳು ಬಂತು.

"ಬಂದ ಮಂದಿಗೆ ಒಬ್ಬರಿಗೂ ಹಿಂಗ ಕೇಳಿಲ್ಲ ನೀವು. ಕಸಗೊಂಡು ಆಡಬಾರದು ಅಂತ ನೀವ ಕಲಿಸಿದ್ರಿ. ನನಗ ಯಾಕ ಕೇಳ್ತೀರಿ?"

"ಅವರು ಬಂದು ಹೋಗವರು. ನೀ ಈ ಮನಿಯಾಕಿ."

ಅವಳು ತಲೆ ಎತ್ತಲಿಲ್ಲ.

"ಹೊರಗ ಮಳಿ ಐತಿ ಅಂತ ಬಂದವರಿಗೆ ಛತ್ರಿ ಕೊಡ್ತೀವಿ," ಅಂದರು ಅಜ್ಜ. "ಮನಿಯೊಳಗ ಛತ್ರಿ ಬಿಚ್ಚಿಕೊಂಡು ಕುಂತವರನ್ನ ಎಲ್ಲೆರ ಕಂಡೀಯೇನು?"

"ಹೇಳಿದ ಮ್ಯಾಲೆ ಇದು ನನ್ನ ಮನಿ ಆಗಿ ಉಳೀತೈತೇನ್ರಿ?"

ಅಜ್ಜ ಕಾಯುತ್ತ ಕೂತರು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

ಫಕೀರವ್ವ ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಮೂರನೇ ಸಲ ಮಾತು ಹೊರಬಂತು.

"ಅಕಿ," ಅಂದಳು. "ಅಕಿ ಹೆಸರು ನೀಲಗಂಗಾ. ಅಕಿನ್ನ ಬಿಟ್ಟು ನನಗ ಬದುಕಾಕ ಆಗೂದಿಲ್ರಿ, ಅಜ್ಜಾ."

ಅಜ್ಜ ಇಪ್ಪತ್ತೆರಡೂ ಎಲೆಗಳನ್ನು ಕೂಡಿಸಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದರು.

"ಎಲ್ಲಿದ್ದಾಳ ಈಗ?"

"ಹೊಳಿ ಮೆಟ್ಟಲದ ಮ್ಯಾಲೆ ರೀ. ಮುಂಜಾನಿಂದ ಚೀಲ ಹಿಡಕೊಂಡು ಕುಂತಾಳ."

"ಇಷ್ಟು ಬಿಸಲಾಗ?"

"ನೀವು ಏನಂತೀರೋ ಅಂತ..." ಅವಳು ಗಂಟು ಹಾಕಿದ ಬಟ್ಟೆಯ ಕಡೆ ನೋಡಿದಳು. "ಎಲಿ ನೋಡಲಿಲ್ಲಲ್ರಿ?"

ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದರು. ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ಗೋಡೆಗೆ ಒರಗಿಸಿದ್ದ ಮೂರು ಗಂಗಾಳ ಕೆಳಗಿಟ್ಟರು.

"ಅಕಿ ಉಂಡಾಳೋ ಇಲ್ಲೋ, ಅದನ್ನ ಯಾವ ಎಲಿ ಹೇಳತೈತಿ? ಹೋಗು, ಒಳಗ ಕರಕೊಂಡು ಬಾ."