ಮಾಬವ್ವನ ಎಂಟನೆಯ ಪುಟ

ಯಾವ ಅರಸನ ಕಾಲವೆಂದು ಕೇಳಬೇಡಿ, ಮಕ್ಕಳೇ. ನನ್ನಜ್ಜಿಗೆ ಅವಳಜ್ಜಿ ಹೇಳಿದಾಗಲೂ ಇದು ಬಹಳ ಹಿಂದಿನ ಮಾತೇ ಆಗಿತ್ತು. ಹೊಳೆಯ ದಂಡೆಯಲ್ಲಿ ನೀರಲಕಟ್ಟಿ ಎಂಬ ಒಂದೂರು. ಆ ಊರಿಗೊಂದು ವಾರದ ಸಂತೆ. ಸಂತೆಯ ತುದಿಯಲ್ಲೊಂದು ಹುಣಸೆಮರ, ಮರದ ಬುಡದಲ್ಲೊಂದು ಚಾಪೆ. ಆ ಚಾಪೆಯ ಮೇಲೆ, ಕೈಯಾರೆ ಮಾಡಿದ ಪುಟ್ಟ ಹೊತ್ತಗೆಗಳನ್ನು ಹರಡಿಕೊಂಡು, ಅಚ್ಚಿನ ಮಾಬವ್ವ ಕೂರುತ್ತಿದ್ದಳು.

ಮಾಬವ್ವನ ಮನೆತನದವರು ಸೀರೆಯ ಮೇಲೆ ಅಚ್ಚೊತ್ತುವವರು. ಸಾಗವಾನಿಯ ತುಂಡಿನಲ್ಲಿ ಹೂವು, ಬಳ್ಳಿ, ನವಿಲುಗಳನ್ನು ಕೆತ್ತಿ, ಬಣ್ಣದಲ್ಲಿ ಅದ್ದಿ, ಬಟ್ಟೆಗೆ ಒತ್ತುವುದು ಅವರ ಕಸುಬು. ಮಾಬವ್ವ ಹೂವು ಕೆತ್ತುವ ಉಳಿಯಿಂದಲೇ ಅಕ್ಷರ ಕೆತ್ತಿದಳು. ಅಚ್ಚಿನಲ್ಲಿ ಅಕ್ಷರಗಳು ತಿರುಗುಮುರುಗಾಗಿ ಇರಬೇಕು. ಆದ್ದರಿಂದ ಅವಳು ಬರೆದ ಹಾಳೆಯನ್ನು ಹೊಳೆಯ ಮೇಲೆ ಹಿಡಿದು, ನೀರಿನಲ್ಲಿ ಬಿದ್ದ ಬಿಂಬವನ್ನು ನೋಡಿ ಕೆತ್ತುತ್ತಿದ್ದಳಂತೆ. ಅವಳು ಕೆತ್ತಿ ಮುಗಿಸುವ ತನಕ ಹೊಳೆ ಅಲುಗುತ್ತಿರಲಿಲ್ಲವಂತೆ. ಹಾಗೆಂದು ಹೇಳುತ್ತಾರೆ, ಹೊಳೆಯನ್ನು ಕೇಳಿದವರಿಲ್ಲ.

ಹಳೆಯ ಅರಿವೆಯನ್ನು ನೆನೆಸಿ, ಕುಟ್ಟಿ, ಗೋಡೆಗೆ ಬಳಿದು ಒಣಗಿಸಿದರೆ ಅವಳ ಕಾಗದ. ಅಳಲೆಕಾಯಿಯ ರಸದಲ್ಲಿ ತುಕ್ಕು ಹಿಡಿದ ಕಬ್ಬಿಣವನ್ನು ನೆನೆಹಾಕಿದರೆ ಅವಳ ಕಪ್ಪು ಮಸಿ. ಒಂದು ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಮತ್ತೊಮ್ಮೆ ಮಡಿಸಿ, ನಡುವೆ ಒಂದು ಸೀಳು ಕೊಟ್ಟು ತಿರುವಿದಳೆಂದರೆ ಎಂಟು ಪುಟಗಳ ಹೊತ್ತಗೆ! ದಾರವಿಲ್ಲ, ಅಂಟಿಲ್ಲ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟದು. ಬೆಲೆ ಒಂದು ಬೊಗಸೆ ಜೋಳ.

ಆ ಹೊತ್ತಗೆಗಳಲ್ಲಿ ಏನಿರುತ್ತಿತ್ತು? ಒಂದರಲ್ಲಿ ಸುತ್ತಲಿನ ಬಾವಿಗಳ ಹೆಸರು ಮತ್ತು ಆ ಹೆಸರು ಬಂದ ಬಗೆ. ಇನ್ನೊಂದರಲ್ಲಿ ಎತ್ತು ಕಂಡ ಕನಸು. ಮತ್ತೊಂದರಲ್ಲಿ ಅತ್ತೆಯನ್ನು ನಗಿಸುವ ಉಪಾಯಗಳು. ಈ ಕೊನೆಯದನ್ನು ಸೊಸೆಯಂದಿರಿಗಿಂತ ಅತ್ತೆಯಂದಿರೇ ಹೆಚ್ಚಾಗಿ ಕೊಂಡರಂತೆ, ಸೊಸೆಯಂದಿರಿಗೆ ಏನೇನು ತಿಳಿದುಹೋಗಿದೆ ಎಂದು ನೋಡಲು.

ಆದರೆ ಯಾವ ಹೊತ್ತಗೆಯನ್ನು ತೆರೆದರೂ ಎಂಟನೆಯ ಪುಟ ಖಾಲಿ. ಕೊಂಡವರು, “ಇದೇನ ಬೇ ಮಾಬವ್ವ, ಕಡೀ ಪುಟದಾಗ ಏನೂ ಇಲ್ಲಲ್ಲ?” ಎಂದರೆ ಅವಳದು ಒಂದೇ ಉತ್ತರ: “ಏಳು ನಂದು, ಎಂಟನೇದು ನಿಂದು. ಮನಿಗೆ ಒಯ್ದು ನೀನ ತುಂಬು.”

ಅದೇ ಸಂತೆಯಲ್ಲಿ ಗದಿಗೆಪ್ಪ ಎಂಬ ಕಾಳಿನ ಸಾವಕಾರನಿದ್ದ. ಅವನು ಕೆಟ್ಟವನಲ್ಲ, ಮಕ್ಕಳೇ; ಕಥೆಯನ್ನು ಹೇಳುವಾಗ ಇದನ್ನು ಮರೆಯಬಾರದು. ಅವನ ಸೇರು ಎಂದೂ ಒಂದು ಕಾಳು ಕಡಿಮೆ ಅಳೆದದ್ದಿಲ್ಲ. ಅಳತೆಯೇ ಅವನ ಮಾನ, ಅಳತೆಯೇ ಅವನ ಮಾತು. ಒಂದು ಸಂತೆಯ ದಿನ ಅವನೂ ಒಂದು ಬೊಗಸೆ ಜೋಳ ಕೊಟ್ಟು, ಬಾವಿಗಳ ಹೊತ್ತಗೆಯನ್ನು ಕೊಂಡ. ಏಳು ಪುಟಗಳನ್ನು ಮೈಮರೆತು ಓದಿದ. ಎಂಟನೆಯದು ಬಂತು. ಅವನು ಅದನ್ನು ತಿರುವಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಅನಂತರ ಎದ್ದು ನೇರವಾಗಿ ಸಂತೆಯ ಹಿರಿಯ ಅಡಿವೆಪ್ಪನ ಕಟ್ಟೆಗೆ ಹೋದ.

“ಏಳ ಪುಟಾ ಕೊಟ್ಟು ಎಂಟಕ್ಕ ಜ್ವಾಳಾ ಇಸ್ಕೊಂಡಾಳ. ಇದು ಕಡಿಮಿ ಅಳತಿ ಅಲ್ಲೇನ್ರಿ?”

ಅಡಿವೆಪ್ಪ ತಲೆ ತುರಿಸಿಕೊಂಡ. ಕಾಳಿನ ಅಳತೆಯನ್ನು ಹೊತ್ತಗೆಗೆ ಹಚ್ಚಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆದರೆ ಸಂತೆಗೆ ಇದ್ದದ್ದು ಒಂದೇ ಕಟ್ಟಳೆ: ಕಡಿಮೆ ಅಳೆದವರ ಸೇರನ್ನು ಒಡೆದು ಹೊಳೆಗೆ ಎಸೆಯಬೇಕು, ಅವರು ಕೂರುವ ಜಾಗವನ್ನು ಕಸಿಯಬೇಕು. ಮಾಬವ್ವನಿಗೆ ಸೇರೆಲ್ಲಿತ್ತು? ಅವಳ ಅಚ್ಚುಗಳೇ ಅವಳ ಸೇರು. ಅವು ಒಂದು ಜನ್ಮದ ಕೆತ್ತನೆ. ಹೊಳೆಗೆ ಬಿದ್ದರೆ ಮತ್ತೆ ಕೆತ್ತಲು ಅವಳ ಕಣ್ಣಿನಲ್ಲಿ ಬೆಳಕು ಉಳಿದಿರಲಿಲ್ಲ. ಅಡಿವೆಪ್ಪ ಡಂಗುರ ಸಾರಿಸಿದ: ಮಾಬವ್ವನ ಹೊತ್ತಗೆಯನ್ನು ಕೊಂಡವರೆಲ್ಲ ಅದನ್ನು ಮುಂದಿನ ಸಂತೆಗೆ ತರಬೇಕು, ಪುಟ ಪುಟ ಅಳೆದೇ ತೀರ್ಪು.

ಆ ವಾರವೆಲ್ಲ ಊರು ಕುದಿಯಿತು. ಪಕ್ಕದ ಚಾಪೆಯ ಬಳೆಗಾರ್ತಿ ಶಿವಗಂಗವ್ವ ಓಡಿಬಂದು, “ಮನಿ ಮನಿಗೆ ಹೋಗೂಣು. ಖಾಲಿ ಪುಟಕ್ಕೊಂದು ಹೂವಿನ ಅಚ್ಚಾದ್ರೂ ಒತ್ತು, ಯವ್ವಾ. ನಿನ್ನ ಗಂಟೇನು ಹೋಗತೈತಿ?” ಎಂದು ಅಂಗಲಾಚಿದಳಂತೆ.

“ಮಂದಿ ಕುಂದ್ರೋ ಜಾಗದಾಗ ನಾನ ಗಿಡಾ ನೆಟ್ಟರ, ಅವರು ಎಲ್ಲಿ ಕುಂದ್ರಬೇಕು?” ಎಂದಳಂತೆ ಮಾಬವ್ವ.

ಸಂತೆಯ ದಿನ ಬಂತು. ಅಚ್ಚುಗಳನ್ನು ಗೋಣಿಯಲ್ಲಿ ಕಟ್ಟಿ ಹೊಳೆಯ ಅಂಚಿನಲ್ಲಿ ಇಟ್ಟಿದ್ದರು. ಅಂದು ಯಾರೂ ಏನನ್ನೂ ಮಾರಲಿಲ್ಲ, ಯಾರೂ ಏನನ್ನೂ ಕೊಳ್ಳಲಿಲ್ಲ. ಆಚೆ ದಂಡೆಯಿಂದಲೂ ಜನ ಬಂದರು. ಬಂದವರೆಲ್ಲರ ಸೊಂಟದಲ್ಲಿ, ಸೆರಗಿನಲ್ಲಿ, ರುಮಾಲಿನ ಮಡಿಕೆಯಲ್ಲಿ ಒಂದೊಂದು ಪುಟ್ಟ ಹೊತ್ತಗೆ ಇತ್ತು. ಇಷ್ಟು ಹೊತ್ತಗೆಗಳು ಈ ಸೀಮೆಯಲ್ಲಿವೆ ಎಂದು ಅವನ್ನು ಮಾಡಿದವಳಿಗೇ ತಿಳಿದಿರಲಿಲ್ಲವಂತೆ.

ಅಡಿವೆಪ್ಪ ಒಂದೊಂದನ್ನೇ ತೆಗೆದುಕೊಂಡು ಎಂಟನೆಯ ಪುಟ ತೆರೆದ. ಕುರುಬರ ಮುದುಕನೊಬ್ಬ ತನಗೆ ಅಕ್ಷರ ಬಾರದೆಂದು, ಸತ್ತುಹೋದ ಮೆಚ್ಚಿನ ಟಗರಿನ ಉಣ್ಣೆಯನ್ನು ಅಲ್ಲಿ ಅಂಟಿಸಿದ್ದ. ಬಾಣಂತಿಯೊಬ್ಬಳು ಕೂಸಿನ ಅಂಗಾಲಿಗೆ ಅರಿಸಿನ ಹಚ್ಚಿ ಒತ್ತಿದ್ದಳು. ಒಬ್ಬ ಸೊಸೆ ಅತ್ತೆಯ ಮೇಲೆ ದೂರು ಬರೆದಿದ್ದಳು. ಅದರ ಕೆಳಗೆ, ಉಳಿದಿದ್ದ ಚೂರು ಜಾಗದಲ್ಲಿ, ಅತ್ತೆ ಉತ್ತರ ಬರೆಸಿದ್ದಳು. ಅಂಬಿಗನ ಪುಟ ಮಾತ್ರ ಬರಿದಾಗಿ ಕಂಡಿತು. ಅವನು ಹೊಳೆಯ ನೀರಿನಲ್ಲಿ ಬೆರಳದ್ದಿ ಬರೆದಿದ್ದನಂತೆ. ಅಡಿವೆಪ್ಪ ಅದನ್ನು ಬಿಸಿಲಿಗೆ ಹಿಡಿದಾಗ, ಒಣಗಿದ ನೀರಿನ ಗೆರೆಯಲ್ಲಿ ಒಂದು ಅಲೆ ಎದ್ದು ಬಂತಂತೆ. ಕಂಡವರು ಕೈ ಮುಗಿದರಂತೆ.

ಹೀಗೆ ತೆರೆದ ಪುಟಗಳೆಲ್ಲ ತುಂಬಿದ್ದವು. ಕೊನೆಗೆ ಉಳಿದದ್ದು ಒಂದೇ.

“ಸಾವಕಾರ್ರ, ನಿಮ್ಮದು ತರ್ರಿ,” ಎಂದ ಅಡಿವೆಪ್ಪ.

ಗದಿಗೆಪ್ಪನ ಹೊತ್ತಗೆಯ ಎಂಟನೆಯ ಪುಟ ಬೆಳ್ಳಗೆ ಇತ್ತು.

“ಊರಿಗೆಲ್ಲ ತುಂಬಿ ಚೆಲ್ಲೈತಿ, ಸಾವಕಾರಗಷ್ಟ ಕಡಿಮಿ ಬಿತ್ತಲೇ!” ಎಂದು ಯಾರೋ ಕೂಗಿದರು. ಸಂತೆಯೆಲ್ಲ ನಕ್ಕಿತು. ಗದಿಗೆಪ್ಪ ಆ ನಗೆಯ ನಡುವೆ ನಿಂತೇ ಇದ್ದ.

“ಬರೀಬೇಕಂತ ನಾನೂ ಕುಂತಿದ್ನ್ರಿ,” ಎಂದ. “ದಿನಾ ಕುಂತೆ. ಅಳಿಯೂದು ಬಿಟ್ಟರ ನನಗ ಏನೂ ನೆನಪಾಗಲಿಲ್ಲ. ನನ್ನ ಹಂತ್ಯಾಕ ಹೇಳಾಕ ಏನೂ ಇಲ್ಲರಿ.”

ನಗೆ ನಿಂತಿತು. ಮಾಬವ್ವ ತನ್ನ ಮಸಿಯ ಬಟ್ಟಲನ್ನು ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಅವನ ಬಳಿಗೆ ಬಂದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

“ಅದನ್ನ ಬರೀರಿ, ಅಪ್ಪಾ.”

ಗದಿಗೆಪ್ಪ ಬೆರಳನ್ನು ಕಪ್ಪಿನಲ್ಲಿ ಅದ್ದಿದ. ಜೀವಮಾನವೆಲ್ಲ ಸೇರು ಹಿಡಿದ ಆ ಕೈ ಅಂದು ಅಂಗೈಯಷ್ಟು ಕಾಗದದ ಮುಂದೆ ಅಳುಕಿತು. ಆದರೂ ಬರೆದ: ನನ್ನ ಬಳಿ ಹೇಳಲು ಏನೂ ಇಲ್ಲ. ಬರೆದು ಮುಗಿಸಿ ತಲೆಯೆತ್ತಿದಾಗ ಅವನ ಕಣ್ಣಿನಲ್ಲಿ ನೀರಿತ್ತಂತೆ. ಅಡಿವೆಪ್ಪ ಕಟ್ಟೆಯ ಮೇಲೆ ನಿಂತು, ಮಾಬವ್ವನ ಅಳತೆ ಕಡಿಮೆಯಿಲ್ಲ, ಹೆಚ್ಚೇ ಇದೆ ಎಂದು ಸಾರಿದ. ಹುಣಸೆಯ ಬುಡದ ಜಾಗಕ್ಕೆ ಇನ್ನು ಮುಂದೆ ಸುಂಕವಿಲ್ಲ, ಅದನ್ನು ಯಾರೂ ಕಸಿಯುವಂತಿಲ್ಲ ಎಂದ. ಗೋಣಿಯನ್ನು ಹೊಳೆಯ ಅಂಚಿನಿಂದ ಹೊತ್ತು ತಂದವನು ಗದಿಗೆಪ್ಪನೇ.

ಮುಂದಿನ ಸಂತೆಗೆ ಮಾಬವ್ವ, ಗದಿಗೆಪ್ಪನ ಒಪ್ಪಿಗೆ ಪಡೆದು, ಆ ಒಂದು ಸಾಲನ್ನೇ ಅಚ್ಚಿನಲ್ಲಿ ಕೆತ್ತಿ ತಂದಳು. ಆ ಹೊತ್ತಗೆಯ ಮೊದಲ ಪುಟದಲ್ಲಿ ಆ ಸಾಲು ಮಾತ್ರ. ಉಳಿದ ಏಳೂ ಖಾಲಿ. ಅಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಶಿವಗಂಗವ್ವ ಕೈ ಕೈ ಹಿಸುಕಿಕೊಂಡಳು. ಹೊತ್ತು ನೆತ್ತಿಗೇರುವ ಮೊದಲೇ ಚಾಪೆ ಬರಿದಾಗಿತ್ತಂತೆ. ತಮ್ಮ ಬಳಿಯೂ ಹೇಳಲು ಏನೂ ಇಲ್ಲವೆಂದು ನಂಬಿ ಬಾಳಿದವರು ಎಲ್ಲೆಲ್ಲಿಂದಲೋ ಬಂದು ಅದನ್ನು ಎದೆಗೊತ್ತಿಕೊಂಡು ಒಯ್ದರಂತೆ. ಆ ಏಳು ಪುಟಗಳು ಹೇಗೆ ತುಂಬಿದವೆಂಬುದು ಇನ್ನೊಂದು ಸೀಮೆಯಷ್ಟು ದೊಡ್ಡ ಕಥೆ.

ಮಾಬವ್ವ ಎಂದು ತೀರಿಕೊಂಡಳು, ಎಲ್ಲಿ ತೀರಿಕೊಂಡಳು ಎಂದು ಹೇಳುವವರಿಲ್ಲ. ಅವಳ ಅಚ್ಚುಗಳನ್ನು ಕೊನೆಗೆ ಹೊಳೆಯೇ ಬಂದು ಕೇಳಿ ತೆಗೆದುಕೊಂಡಿತು ಎನ್ನುತ್ತಾರೆ.

ಇಂದಿಗೂ ನೀರಲಕಟ್ಟಿಯ ಸಂತೆಗೆ ಕೈಹೊತ್ತಗೆ ಮಾಡುವವರು ಬರುತ್ತಾರೆ, ಸಾಲಾಗಿ ಕೂರುತ್ತಾರೆ, ಕೊನೆಯ ಪುಟವನ್ನು ಖಾಲಿ ಬಿಡುತ್ತಾರೆ. ಹುಣಸೆಯ ಬುಡದಲ್ಲಿ ಬೆಳಗಾಗುವ ಮೊದಲೇ ಒಂದು ಚಾಪೆ ಹಾಸಿರುತ್ತದೆ. ತಾವು ಮಾಡಿದ ಮೊದಲ ಹೊತ್ತಗೆಯನ್ನು ಅಂಜುತ್ತಾ ತಂದವರಿಗೆ ಆ ಚಾಪೆ. ಅವರನ್ನು ಯಾರೂ ಸುಂಕ ಕೇಳುವುದಿಲ್ಲ.

ಕಾಳಿನ ಸಾಲಿನಲ್ಲೂ ಒಂದು ರೂಢಿಯಿದೆ. ಸೇರು ತುಂಬಿ ಅಳೆದು ಸುರಿದ ಮೇಲೆ, ಅಂಗಡಿಯವರು ಇನ್ನೊಂದು ಹಿಡಿ ಕಾಳನ್ನು ನಿಮ್ಮ ಚೀಲಕ್ಕೆ ಹಾಕಿ, “ಇದು ಎಂಟನೇದು,” ಎನ್ನುತ್ತಾರೆ. ಹಾಗೆಂದರೇನೆಂದು ಪರವೂರಿನವರು ಕೇಳಿದರೆ, ಕಾಳು ಹತ್ತಿದ ಬೆರಳನ್ನು ಎತ್ತಿ ಹುಣಸೆಮರವನ್ನು ತೋರಿಸುತ್ತಾರೆ.