ಅರಮನೆಯ ಹಿತ್ತಲ ಪತ್ರೊಡೆ

"ನನ್ನ ಕೆರೆಯ ನೀರಿನಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದು!" ಎಂದು ಅಂಬಲಗೆರೆಯ ದೊರೆ ಬೊಮ್ಮರಸರು ಬೀಗರ ಮುಂದೆ ಜಂಬ ಕೊಚ್ಚಿದರು. ಪಾಪ, ಬೀಗರು ನಂಬಿ ದಂಡೆಗೆ ಹೋದರು. ಹೋದಷ್ಟೇ ಬೇಗ ಮೂಗು ಮುಚ್ಚಿಕೊಂಡು ವಾಪಸು ಬಂದರು. ಮೀಸೆಯ ಮಾತು ಹಾಗಿರಲಿ, ಕೆರೆಯಲ್ಲಿ ನೀರೇ ಕಾಣದಷ್ಟು ಪಾಚಿ ಕಟ್ಟಿತ್ತು.

ದೊರೆಗೆ ಮೈಯೆಲ್ಲ ಉರಿಯಿತು. ಮರುದಿನ ಸಭೆಯಲ್ಲಿ ಗುಡುಗಿದರು. "ಕೆರೆ ಕೆಡಿಸಿದವರು ಯಾರು?"

"ಇನ್ಯಾರು ಪ್ರಭು? ದಂಡೆಯ ಅಗಸರು. ಊರಾಚೆ ಅಟ್ಟಿದರೆ ಎಲ್ಲ ಸರಿಹೋಗುತ್ತದೆ" ಎಂದ ದಳವಾಯಿ ಗಂಗಪ್ಪನಾಯಕ. ಆ ತಂಪು ಜಾಗದ ಮೇಲೆ ಅವನಿಗೆ ಕಣ್ಣಿದ್ದದ್ದು ಊರಿಗೆಲ್ಲ ಗೊತ್ತಿತ್ತು.

ಸಭೆಗೆ ಬಂದಿದ್ದ ಅಗಸರ ಈರಮ್ಮ ಕೈಮುಗಿದಳು. "ನಮ್ಮಜ್ಜಿ, ಮುತ್ತಜ್ಜಿ ಕಾಲದಿಂದ ಅಲ್ಲೇ ಒಗೀತಿದ್ದೀವಿ ಬುದ್ಧೀ. ಆಗ ನಾರದೇ ಇದ್ದ ಕೆರೆ ಈಗ್ಯಾಕೆ ನಾರ್ತದೆ?"

ಯಾಕೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ದೊರೆಗಳು ಹೊಸ ಅರಮನೆ ಕಟ್ಟಿಸಿದ ಮೇಲೆ ಅದರ ಬಚ್ಚಲ ನೀರೆಲ್ಲ ಹರಿಯುವುದು ಕೆರೆಗೇ. ಆದರೆ ಹೇಳುವ ಧೈರ್ಯ ಯಾರಿಗಿದೆ? ಎಲ್ಲರೂ ಗಂಭೀರವಾಗಿ ನೆಲ ನೋಡಿದರು.

"ಯಾರ ಮನೆಯ ಕೊಳಕು ನೀರು ಕೆರೆ ಸೇರುತ್ತದೋ, ಅವರು ಅದನ್ನು ಈ ಸಭೆಯ ಎದುರೇ ಹೊಟ್ಟೆಗಿಳಿಸಬೇಕು! ಅವರು ಯಾರೇ ಆಗಿರಲಿ!" ಎಂದು ದೊರೆ ಆಜ್ಞೆ ಮಾಡಿಬಿಟ್ಟರು.

ಆಸ್ಥಾನದ ವಿನೋದಗಾರ ದೇಪಣ್ಣನಿಗೆ ಈರಮ್ಮನ ಮುಖ ನೋಡಿ ಕರುಳು ಚುರುಕ್ಕೆಂದಿತು. ಎದ್ದು ನಿಂತ.

"ದಸರೆಯವರೆಗೆ ಸಮಯ ಕೊಡಿ ಪ್ರಭು. ತಪ್ಪಿತಸ್ಥರಿಗೆ ಶಿಕ್ಷೆಯೂ ಆಗುತ್ತದೆ, ಕೆರೆಯೂ ತಿಳಿಯಾಗುತ್ತದೆ. ಅರಮನೆಯ ಹಿಂದಿನ ಖಾಲಿ ಜಾಗ ನನಗಿರಲಿ. ಅಲ್ಲಿಯವರೆಗೆ ಅಗಸರನ್ನು ಯಾರೂ ಮುಟ್ಟಬಾರದು."

"ಆಗದಿದ್ದರೆ?" ದಳವಾಯಿ ಮೀಸೆಯಡಿ ನಕ್ಕ.

"ಅವರ ಜೊತೆ ನಾನೂ ಗಂಟುಮೂಟೆ ಕಟ್ಟುತ್ತೇನೆ."

ಹೊರಗೆ ಬಂದವನೇ ಈರಮ್ಮನನ್ನು ಕೇಳಿದ. "ನಿಮ್ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತಮ್ಮ?"

"ಎಲ್ಲಿಗೆ ಅಂದ್ರೆ? ಹಿತ್ತಲ ಕೆಸುವಿಗೆ, ಬಾಳೆಗೆ. ಎಲ್ಲಾರ ಮನೇಲೂ ಅಷ್ಟೇ ಅಲ್ವರಾ?"

"ಅರಮನೆಯ ಹಿಂದೆ ಬರೀ ಖಾಲಿ ಜಾಗ, ಹಿತ್ತಲೇ ಇಲ್ಲವಲ್ಲ!"

ಮಳೆಗಾಲ ಶುರುವಾಗಿತ್ತು. ದೇಪಣ್ಣ ಅರಮನೆಯ ಮೋರಿಯನ್ನು ಕೆರೆಯ ಕಡೆಯಿಂದ ತಿರುಗಿಸಿ ಖಾಲಿ ಜಾಗಕ್ಕೆ ಹರಿಸಿದ. ಕೊಳಕೆಲ್ಲ ತಳಕ್ಕೆ ಕೂರಲು ಒಂದು ಗುಂಡಿ, ನೀರು ಸೋಸಲು ಕಲ್ಲು ಮರಳಿನ ಹಾಸು, ಅದರಾಚೆ ಈರಮ್ಮ ತಂದುಕೊಟ್ಟ ಕೆಸುವಿನ ಪಾತಿ. ಕೆಸು ಹುಲುಸಾಗಿ ಬೆಳೆಯಿತು. ಕೆರೆಗೆ ಮಳೆಯ ಹೊಸ ನೀರು ಬಂತು, ಪಾಚಿ ಕರಗಿತು, ನಾತ ಹೋಯಿತು.

ದಸರೆಗೆ ಬೀಗರು ಮತ್ತೆ ಬಂದರು. ಈ ಸಲ ಕೆರೆಯಲ್ಲಿ ಮುಖ ನೋಡಿ ಮೀಸೆಯನ್ನೂ ತಿರುವಿದರು. ದೊರೆಯ ಎದೆ ಉಬ್ಬಿತು. ಸಭೆಯವರಿಗೆಲ್ಲ ಊಟ ಹಾಕಿಸಿದರು. ಎಲೆಗೆ ಬಿಸಿಬಿಸಿ ಪತ್ರೊಡೆ ಬಿತ್ತು. ದೊರೆ ಚಪ್ಪರಿಸಿ ತಿಂದು, ಕೇಳಿ ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ ನೆನಪಾಯಿತು.

"ದೇಪಣ್ಣ, ತಪ್ಪಿತಸ್ಥರೆಲ್ಲಿ?"

"ಅಗಸರಂತೂ ಅಲ್ಲ ಪ್ರಭು. ಇವತ್ತು ಬೆಳಗ್ಗೆಯೂ ಅವರು ಅಲ್ಲೇ ಬಟ್ಟೆ ಒಗೆದರು, ಕೆರೆ ತಿಳಿಯಾಗಿಯೇ ಇದೆ. ಬದಲಾದದ್ದು ಒಂದೇ. ಅರಮನೆಯ ಬಚ್ಚಲ ನೀರು ಈಗ ಕೆರೆಗೆ ಹೋಗುತ್ತಿಲ್ಲ."

ದೊರೆಯ ಕೈ ಬಾಯಿಯ ಹತ್ತಿರವೇ ನಿಂತಿತು. "ಮತ್ತೆಲ್ಲಿಗೆ ಹೋಗುತ್ತಿದೆ?"

"ಹಿತ್ತಲ ಕೆಸುವಿಗೆ."

ದೊರೆ ಆ ಕೆಸುವಿನೆಲೆಯಿಂದಲೇ ಮಾಡಿದ ಪತ್ರೊಡೆ ನೋಡಿದರು. ದೇಪಣ್ಣನನ್ನು ನೋಡಿದರು. "ಹಾಗಾದರೆ ನನ್ನ ಶಿಕ್ಷೆ..."

"ಆಜ್ಞೆಯಂತೆ ಸಭೆಯ ಎದುರೇ ಹೊಟ್ಟೆಗಿಳಿಯಿತು ಪ್ರಭು. ಎರಡನೆಯ ಸಲದ್ದು ಆಜ್ಞೆಯಲ್ಲಿರಲಿಲ್ಲ, ತಾವೇ ಕೇಳಿ ಹಾಕಿಸಿಕೊಂಡಿರಿ."

ಸಭೆ ಉಸಿರು ಬಿಗಿಹಿಡಿಯಿತು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈರಮ್ಮನ ಕಡೆಯವರು ಎಂದೆಂದಿಗೂ ಅಲ್ಲೇ ಇರಲಿ!" ಎಂದು ತಮ್ಮ ಶಾಲನ್ನೇ ತೆಗೆದು ದೇಪಣ್ಣನಿಗೆ ಹೊದಿಸಿದರು.

ಆಚೆ ಸಾಲಿನಲ್ಲಿ ದಳವಾಯಿ ತನ್ನ ಎಲೆಯನ್ನು ಮೆಲ್ಲಗೆ ದೂರ ಸರಿಸುತ್ತಿದ್ದ.

"ಗಂಗಪ್ಪಾ, ನಿನ್ನ ಮನೆಗೆ ಹಿತ್ತಲಿದೆಯೇನಯ್ಯ?"

"ಇ... ಇಲ್ಲ ಪ್ರಭು. ಬಚ್ಚಲ ನೀರು ಕೆರೆಗೇ..."

ದೊರೆ ಬಡಿಸುವವನನ್ನು ಕೂಗಿದರು. "ದಳವಾಯಿಗಳ ಎಲೆಗೆ ಇನ್ನಷ್ಟು ಬಡಿಸಯ್ಯ. ಅವರ ಶಿಕ್ಷೆ ಇನ್ನೂ ಬಾಕಿ ಇದೆ!"